ಹೊರಟವರನ್ನು ಕೇಳಬಾರದ ಪ್ರಶ್ನೆ

ಹೊಸೂರಿನ ಪಕ್ಕದ ನಮ್ಮ ಆಲಸನತ್ತದಲ್ಲಿ ಯಾರಿಗಾದರೂ ಪಾಸ್‌ಪೋರ್ಟ್ ಬಂತೆಂದರೆ ಮೊದಲು ಗಣಪತಿ ಗುಡಿಯಲ್ಲಿ ಕಾಯಿ ಒಡೆಸುತ್ತಿದ್ದರು, ಆಮೇಲೆ ರಾಮಕೃಷ್ಣಪ್ಪನವರ ಮನೆಗೆ ಹೋಗುತ್ತಿದ್ದರು. ಗಣಪತಿ ಬೇಗ ಬಿಟ್ಟುಬಿಡುತ್ತಿದ್ದ. ರಾಮಕೃಷ್ಣಪ್ಪನವರು ಬಿಡುತ್ತಿರಲಿಲ್ಲ.

ಅವರು ಕೀನ್ಯಾ ದೇಶದಲ್ಲಿದ್ದವರು. ಹೊಸೂರಿನ ಸುತ್ತ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆಯುವುದು ನಿಮಗೆ ಗೊತ್ತೇ ಇದೆ. ಅಲ್ಲಿ ಗಿಡ ಸವರುವುದು, ಮೊಗ್ಗು ಆರಿಸುವುದು, ರೋಗ ಹಿಡಿಯುವುದಕ್ಕೆ ಮೊದಲೇ ಅದರ ವಾಸನೆ ಹಿಡಿಯುವುದು ಇವೆಲ್ಲ ಕಲಿತವರಿಗೆ ಆ ದೇಶದ ಗುಲಾಬಿ ತೋಟಗಳಲ್ಲಿ ಒಳ್ಳೆಯ ಬೇಡಿಕೆ. ರಾಮಕೃಷ್ಣಪ್ಪನವರು ಸೂಪರ್‌ವೈಸರ್ ಆಗಿ ಹೋದರು. ಕನ್ನಡ, ತಮಿಳು, ತೆಲುಗು ಮೂರೂ ಸರಾಗ, ಹಿಂದಿಯಲ್ಲಿ ಬೈಯುವಷ್ಟು ಬರುತ್ತಿತ್ತು. ಇದನ್ನು ಕಂಡ ಕಂಪನಿಯವರು ಅಲ್ಲಿದ್ದ ಭಾರತೀಯ ನೌಕರರಿಗೆಲ್ಲ ಅವರನ್ನು 'ಸೇಫ್ಟಿ ಇನ್‌ಚಾರ್ಜ್' ಮಾಡಿದರು. ಸಂಬಳ ಏರಲಿಲ್ಲ. ಒಂದು ಬ್ಯಾಡ್ಜು, ಒಂದು ಸೀಟಿ ಕೊಟ್ಟರು, ಅಷ್ಟಕ್ಕೇ ಅವರ ಎದೆ ಏರಿತು. ರಜೆಗೆ ಬಂದಾಗ ಆ ಬ್ಯಾಡ್ಜನ್ನು ಮದುವೆ ಮನೆಗೂ ಚುಚ್ಚಿಕೊಂಡು ಹೋಗಿದ್ದರು. ಗಂಡಿನ ಕಡೆಯ ಹಿರಿಯರೊಬ್ಬರು ಅವರನ್ನು ಛತ್ರದ ಮ್ಯಾನೇಜರ್ ಎಂದುಕೊಂಡು, "ಎರಡನೇ ಪಂಕ್ತಿ ಯಾವಾಗ ಕೂರಿಸ್ತೀರಿ?" ಎಂದು ಗದರಿಕೊಂಡರು. ರಾಮಕೃಷ್ಣಪ್ಪನವರು ಬೇಜಾರು ಮಾಡಿಕೊಳ್ಳಲಿಲ್ಲ. ಛತ್ರದಲ್ಲಿ ಬೆಂಕಿ ಬಿದ್ದರೆ ಹೊರಗೆ ಓಡಲು ಇರುವುದು ಒಂದೇ ಬಾಗಿಲು ಎಂದು ಆ ಹಿರಿಯರಿಗೆ ವಿವರಿಸಿ ಹೇಳಿದರು. ಪಾಪ, ಹಿರಿಯರು ಸರಿಯಾಗಿ ಊಟ ಮಾಡಲಿಲ್ಲ.

ಅವರ ಉಪದೇಶ ಇಡೀ ಬೀದಿಗೆ ಬಾಯಿಪಾಠವಾಗಿತ್ತು. ಜೇಬಿನಲ್ಲಿ ಎರಡು ಪರ್ಸ್ ಇರಬೇಕು, ಒಂದು ನಮಗೆ, ಒಂದು ಕಳ್ಳನಿಗೆ. ಮೈಮೇಲೆ ಚಿನ್ನ ಇರಬಾರದು. ದಿನಾ ಒಂದೇ ದಾರಿ ಹಿಡಿಯಬಾರದು. ಕಾರಿನ ಗಾಜಿಗೆ ಯಾರಾದರೂ ಮೊಟ್ಟೆ ಹೊಡೆದರೆ ಇಳಿಯಬಾರದು, ವೈಪರ್ ಹಾಕಿ ಗಾಜು ಮಬ್ಬಾಗಿಸಲೂಬಾರದು. ಎದುರು ಮನೆಯ ಲಕ್ಷ್ಮಿದೇವಮ್ಮನ ಮಗಳು ಸುಷ್ಮಾ ನರ್ಸ್ ಕೆಲಸಕ್ಕೆಂದು ದುಬೈಗೆ ಹೊರಟಾಗ ಈ ಮೊಟ್ಟೆಯ ಭಾಗ ಎರಡನೇ ಸಲ ಬಂತು. ಲಕ್ಷ್ಮಿದೇವಮ್ಮನಿಗೆ ತಡೆಯಲಿಲ್ಲ.

"ಅಲ್ಲ ರಾಮಕೃಷ್ಣಣ್ಣ, ನನ್ ಮಗಳ ಹತ್ರ ಕಾರೆಲ್ಲೈತೆ? ಅವಳು ಆಸ್ಪತ್ರೆ ಬಸ್ಸಲ್ಲಿ ಓಡಾಡೋಳು. ಬಸ್ಸಿಗೆ ಮೊಟ್ಟೆ ಹೊಡೆದ್ರೆ ಡ್ರೈವರ್ ನೋಡ್ಕೊಂತಾನೆ ಬಿಡು."

"ಇವತ್ತು ಬಸ್ಸಮ್ಮ, ನಾಳೆ ಕಾರು ತಗೋತಾಳೆ. ಆಗ ನನ್ ಮಾತು ಗ್ಯಾಪ್ಕ ಬರುತ್ತೆ."

"ಕಾರು ತಗೊಂಡ್ರೆ ಮೊಟ್ಟೆ ನಾನೇ ದೃಷ್ಟಿ ತೆಗೆದು ಒಡೀತೀನಿ, ಹೋಗಣ್ಣ."

ಎಲ್ಲಕ್ಕಿಂತ ದೊಡ್ಡ ಸೂತ್ರವನ್ನು ಅವರು ಕೊನೆಗೆ ಹೇಳುತ್ತಿದ್ದರು. ಪರದೇಶದಲ್ಲಿ ಬಾಗಿಲು ದಾಟುವ ಮುಂಚೆ ಒಬ್ಬರಿಗಾದರೂ ಹೇಳಿರಬೇಕು: ಎಲ್ಲಿಗೆ, ಯಾವ ದಾರಿಯಲ್ಲಿ, ಯಾವಾಗ ವಾಪಸ್ಸು. ಯಾರಾದರೂ ಹೇಳದಿದ್ದರೆ ಉಳಿದವರು ಕೇಳಬೇಕು. ಭಾನುವಾರ ತೋಟದ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಹೊರಗೆ ಹೊರಟ ಪ್ರತಿಯೊಬ್ಬನನ್ನೂ ಅವರು ಹೀಗೆ ಕೇಳುತ್ತಿದ್ದರಂತೆ. ತಮಿಳರನ್ನು ತಮಿಳಿನಲ್ಲಿ, ಆಂಧ್ರದವರನ್ನು ತೆಲುಗಿನಲ್ಲಿ. "ಉತ್ತರ ಸಿಗೋವರೆಗೂ ಗೇಟು ತೆಗಿಯಲ್ಲ" ಎನ್ನುವಾಗ ಅವರ ಕೈ ತಾನಾಗಿಯೇ ಸೀಟಿಯ ದಾರವನ್ನು ಹುಡುಕುತ್ತಿತ್ತು.

ಆಲಸನತ್ತದಲ್ಲಿ ಮಾತ್ರ ಈ ಸೂತ್ರ ನಡೆಯುತ್ತಿರಲಿಲ್ಲ. ಹೊರಟವರನ್ನು "ಎಲ್ಲಿಗೆ?" ಎಂದು ಕೇಳುವುದು ನಮ್ಮ ಕಡೆ ದೊಡ್ಡ ತಪ್ಪು. ಹೋದ ಕೆಲಸ ಕೆಡುತ್ತದೆ. ತೀರಾ ತಡೆಯಲಾಗದಿದ್ದರೆ "ದೂರಾನಾ?" ಎನ್ನಬಹುದು, ಅವರು "ಇಲ್ಲೇ" ಎನ್ನುತ್ತಾರೆ. ಡೆಲ್ಲಿಗೆ ಹೊರಟವರೂ "ಇಲ್ಲೇ" ಎನ್ನುತ್ತಾರೆ. ಹೀಗೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಅವರ ಹೆಂಡತಿ ಚೆನ್ನಮ್ಮ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಂದು ಸಲ ಸಂತೆಗೆ ಹೊರಟವಳನ್ನೇ ಗಂಡ ಅಭ್ಯಾಸಬಲದಿಂದ ಎಲ್ಲಿಗೆ ಎಂದು ಕೇಳಿಬಿಟ್ಟರು. ಆಕೆ ಚೀಲ ಸಮೇತ ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು, ಆಮೇಲೆ ಎದ್ದು ಹೊರಟಳು. ಹೋಗುವಾಗ, "ನಿಮ್ ಗೇಟಾಫೀಸರ್‌ಗಿರಿ ಆಫ್ರಿಕಾದಲ್ಲಿ ಇಟ್ಕೊಳಿ" ಅಂದಳು.

ಚೆನ್ನಮ್ಮನ ತವರು ಗುಮ್ಮಳಾಪುರ. ತಾಯಿ ತೀರಿಕೊಂಡಾಗ ತಮ್ಮ ಭೈರೇಶ್ ಇನ್ನೂ ಅಂಬೆಗಾಲಿಡುತ್ತಿದ್ದ. ಈಕೆಯೇ ಸೊಂಟದ ಮೇಲೆ ಹೊತ್ತು ಬೆಳೆಸಿದಳು, ಮದುವೆಯಾಗಿ ಬರುವಾಗ ಜೊತೆಯಲ್ಲೇ ಕರೆತಂದಳು. ಸ್ವಂತ ಮಕ್ಕಳಾಗಲಿಲ್ಲ. ಆ ಮಾತನ್ನು ಯಾರಾದರೂ ಎತ್ತಿದರೆ, "ಯಾಕೆ, ಭೈರ ಇಲ್ವಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು. ಅವನೂ ಗುಲಾಬಿ ಕೆಲಸ ಕಲಿತ. ಮದುವೆಗೆ ಹೆಣ್ಣು ನೋಡುವ ಹೊತ್ತಿಗೆ, ಭಾವನ ಜೊತೆ ಕೀನ್ಯಾಗೆ ಹೋಗುತ್ತೇನೆಂದು ಹಟ ಹಿಡಿದ.

ಚೆನ್ನಮ್ಮ ಮೂರು ದಿನ ಮಾತಾಡಲಿಲ್ಲ. ಆಮೇಲೆ ಗಂಡನನ್ನು ಅಡುಗೆಮನೆಗೆ ಕರೆದು ಹೇಳಿದಳು. "ನನಗೆ ಇರೋದು ಅವನೊಬ್ಬನೇ. ಹೆಂಗೆ ಕರ್ಕೊಂಡು ಹೋಗ್ತೀರೋ ಹಂಗೇ ವಾಪಸ್ ತಂದು ಬಿಡಬೇಕು."

"ಥೂ, ಅದೇನು ಮಾತೇ! ಅಲ್ಲಿ ಸೇಫ್ಟಿ ಇನ್‌ಚಾರ್ಜೇ ನಾನು. ನನ್ ಕಣ್ ತಪ್ಪಿಸಿ ಗೇಟು ದಾಟೋಕಾಗುತ್ತಾ ಅವನು?"

"ಇನ್‌ಚಾರ್ಜ್‌ಗೆ ಹೇಳ್ತಿಲ್ಲ ನಾನು. ನಿಮಗೆ ಹೇಳ್ತಿರೋದು."

ಭೈರೇಶ್ ತೋಟಕ್ಕೆ ಕಾಲಿಟ್ಟ ತಿಂಗಳೊಳಗೆ ಭಾವನ ಸೂತ್ರಗಳನ್ನೆಲ್ಲ ಮುರಿದ. ಕಳ್ಳನ ಪರ್ಸಿನಲ್ಲಿ ಅಕ್ಕನ ಫೋಟೋ ಇಟ್ಟುಕೊಂಡ. "ಕಳ್ಳನೂ ನಮ್ಮಕ್ಕನ್ನ ನೋಡ್ಲಿ ಭಾವ, ಹೆದರ್ಕೊಂಡು ವಾಪಸ್ ಕೊಡ್ತಾನೆ" ಎಂದ. ಅಲ್ಲಿಯವರ ಮಾತು ಬೇಗ ಕಲಿತ. ಹನಿ ನೀರಾವರಿ ಪೈಪು ನೋಡಿಕೊಳ್ಳುವ ಕಮಾವು ಎಂಬವನು ಅವನ ಜೀವದ ಗೆಳೆಯನಾದ. ಅಲ್ಲಿಯ ಜನ ಬಿಳಿ ಮುಸುಕಿನ ಜೋಳದ ಹಿಟ್ಟನ್ನು ಕುದಿಸಿ ತಿರುವಿ ಉಗಾಲಿ ಎಂದು ಮಾಡುತ್ತಾರೆ. ಭೈರೇಶ್ ಅದನ್ನು ಮೊದಲ ಸಲ ತಿಂದ ದಿನವೇ ಅಕ್ಕನಿಗೆ ಫೋನ್ ಮಾಡಿದ. "ಅಕ್ಕಾ, ಇಲ್ಲೂ ಮುದ್ದೆ ಐತೆ ಕಣಕ್ಕ! ಬಣ್ಣ ಮಾತ್ರ ಬೆಳ್ಳಗೆ. ನಮ್ ಮುದ್ದೆ ಕರೀದು, ಜನ ತಾವು ಬೆಳ್ಳಗೆ ಅಂದ್ಕೊಂಡವ್ರೆ. ಇವ್ರದು ಉಲ್ಟಾ."

ಭಾವನಿಗೆ ಈ ಸ್ನೇಹ ಹಿಡಿಸಲಿಲ್ಲ. ಕಮಾವು ಕೆಟ್ಟವನೆಂದಲ್ಲ. ಸ್ಥಳೀಯರ ಮನೆಗೆ ಊಟಕ್ಕೆ ಹೋಗಬಾರದೆಂದು ಅವರೇ ಮಾಡಿದ ಒಂದು ಸೂತ್ರವಿತ್ತು, ಇನ್‌ಚಾರ್ಜ್‌ನ ಬಾಮೈದನೇ ಅದನ್ನು ಮುರಿದರೆ ಉಳಿದವರು ಕೇಳುತ್ತಾರೆಯೇ? ಕಮಾವು ಒಂದು ಭಾನುವಾರ ಮನೆಗೆ ಕರೆದಾಗ ಭೈರೇಶನನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ಕರೆದೊಯ್ಯಲು ಬಂದಿದ್ದ ಕಮಾವು ಟೋಪಿ ತೆಗೆದು, "ಸರಿ ಸಾರ್" ಎಂದು ಹಿಂದಿನ ಗುಡ್ಡದ ದಾರಿ ಹಿಡಿದು ಹೋದ. ತಮ್ಮ ಅಧಿಕಾರ ಆ ಹೊತ್ತು ತುಂಬಾ ಚೆನ್ನಾಗಿ ನಡೆಯಿತೆಂದು ರಾಮಕೃಷ್ಣಪ್ಪನವರು ಆ ಸಂಜೆ ಹೆಂಡತಿಗೆ ಫೋನಿನಲ್ಲಿ ಹೇಳಿದ್ದರು. ಅದನ್ನು ಅವರೇ ನನಗೆ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕೆಲವು ವಾರ ಕಳೆದ ಮೇಲೆ ಇನ್ನೊಂದು ಭಾನುವಾರ. ಭೈರೇಶ್ ತಲೆಗೆ ನೀರು ಹಾಕಿಕೊಂಡು, ಹಣೆಗೆ ಕುಂಕುಮವಿಟ್ಟು, ಇಸ್ತ್ರಿ ಮಾಡಿದ ಹೊಸ ಅಂಗಿ ತೊಟ್ಟು ಬಂದ. ಕೈಯಲ್ಲಿ ಒಂದು ಕಟ್ಟು ಗುಲಾಬಿ. ಆ ವಾರವಿಡೀ ಚೆನ್ನಮ್ಮ ಫೋನಿನಲ್ಲಿ ತಮ್ಮನ ಬೆನ್ನು ಹತ್ತಿದ್ದಳು. ನಮ್ಮ ಕಡೆಯ ತಳಿ ಊರಿನ ಹತ್ತಿರ ಒಂದು ಹೆಣ್ಣು ಗೊತ್ತಾಗಿದೆ, ಅವರು ಹುಡುಗನ ಒಳ್ಳೆಯ ಫೋಟೋ ಕೇಳಿದ್ದಾರೆ, ಸ್ಟುಡಿಯೋಗೆ ಹೋಗಿ ತೆಗೆಸಿ ಕಳಿಸು ಎಂದು. ಗೇಟಿನ ಬಳಿ ಕೂತಿದ್ದ ರಾಮಕೃಷ್ಣಪ್ಪನವರು ಬಾಮೈದನ ಕುಂಕುಮ ನೋಡಿದರು, ಅಂಗಿ ನೋಡಿದರು. ಫೋಟೋ ತೆಗೆಸಲು ಪೇಟೆಗೆ ಹೊರಟಿದ್ದಾನೆ ಎಂದುಕೊಂಡರು. ಮದುವೆಯ ಕೆಲಸಕ್ಕೆ ಮೊದಲ ಹೆಜ್ಜೆ ಇಡುತ್ತಿರುವ ಹುಡುಗ.

ಅವನ ಮುಂದೆ ಇದ್ದ ಸೇಲಂನ ಹುಡುಗನನ್ನು "ಎಂಗಪ್ಪಾ ಪೋರೆ?" ಎಂದು ಅವನ ತಮಿಳಿನಲ್ಲೇ ಎಲ್ಲಿಗೆಂದು ಕೇಳಿ ಉತ್ತರ ಪಡೆದು ಕಳಿಸಿದ್ದರು. ಹಿಂದಿದ್ದ ಚಿತ್ತೂರಿನವನನ್ನೂ ಕೇಳುವವರಿದ್ದರು. ನಡುವೆ ಭೈರೇಶ್ ಬಂದು ನಿಂತಾಗ ಆ ಮಾತು ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿತು. ಪರರನ್ನು ಪರರ ಭಾಷೆಯಲ್ಲಿ ಕೇಳುವಾಗ ಅದು ಬರಿಯ ಡ್ಯೂಟಿ. ಸ್ವಂತ ಬಾಮೈದನನ್ನು, ಶುಭಕಾರ್ಯಕ್ಕೆ ಹೊರಟವನನ್ನು, ಕನ್ನಡದಲ್ಲಿ ಎಲ್ಲಿಗೆ ಎಂದು ಕೇಳುವುದಾದರೂ ಹೇಗೆ?

"ಏನ್ಲಾ ಭೈರ, ದೂರಾನಾ?"

"ಇಲ್ಲೇ ಭಾವ. ಬತ್ತೀನಿ."

"ಹೋಗ್ಬಾ ಕಣ್ಲಾ. ಒಳ್ಳೇದಾಗ್ಲಿ."

ಗೇಟು ತೆಗೆದರು.

ಮಧ್ಯಾಹ್ನ ಕಳೆದು ಸಂಜೆಯಾದರೂ ಹುಡುಗ ಬರಲಿಲ್ಲ. ಫೋನು ಸ್ವಿಚ್ ಆಫ್. ರಾಮಕೃಷ್ಣಪ್ಪನವರು ಕಂಪನಿಯ ಜೀಪು ತೆಗೆಸಿ, ಕಾವಲಿನವನನ್ನು ಕೂರಿಸಿಕೊಂಡು ಪೇಟೆಯ ಕಡೆ ಓಡಿದರು. ಫೋಟೋ ಸ್ಟುಡಿಯೋ, ಬಸ್ ನಿಲ್ದಾಣ, ಪೊಲೀಸ್ ಠಾಣೆ, ಆಸ್ಪತ್ರೆ. ಅಪಾಯವೆಲ್ಲ ಪೇಟೆಯಲ್ಲಿರುತ್ತದೆ ಎಂದು ಅವರು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಟ್ಟಿದ್ದರು, ಹಾಗಾಗಿ ತಾವೂ ಅಲ್ಲೇ ಹುಡುಕಿದರು. ಬೆಳಗಾಗುವವರೆಗೂ ಹುಡುಕಿದರು.

ಭೈರೇಶ್ ಪೇಟೆಯ ಕಡೆ ಹೋಗಿಯೇ ಇರಲಿಲ್ಲ. ಗೇಟಿನ ತಿರುವು ಕಳೆದ ಮೇಲೆ ಗುಡ್ಡದ ದಾರಿಗೆ ಹೊರಳಿದ್ದ. ಕಮಾವುವಿನ ಮಗುವಿಗೆ ಅಂದು ಹೆಸರಿಟ್ಟು ನೆಂಟರಿಗೆಲ್ಲ ಊಟ ಹಾಕುವುದಿತ್ತು. ಭಾವನಿಗೆ ಹೇಳಿದರೆ ಬಿಡುವುದಿಲ್ಲವೆಂದು ಹೇಳಿರಲಿಲ್ಲ. ಮುಸುಕಿನ ಜೋಳದ ಹೊಲಗಳ ನಡುವೆ ಬೈಕಿನಲ್ಲಿ ಬಂದ ಇಬ್ಬರು ಅವನ ಕೈಯ ಫೋನು ಕಿತ್ತರು. ಎಳೆದಾಟದಲ್ಲಿ ಅವನು ಮೋರಿಯೊಳಗೆ ಬಿದ್ದ, ತಲೆ ಕಲ್ಲಿಗೆ ಬಡಿಯಿತು. ಬೆಳಿಗ್ಗೆ ಹಾಲು ಹೊತ್ತು ಹೋಗುತ್ತಿದ್ದ ಹೆಂಗಸರು ನೋಡಿ, ತಾವು ಹೆಗಲಿಗೆ ಹೊದ್ದಿದ್ದ ಬಟ್ಟೆಯನ್ನೇ ಜೋಳಿಗೆ ಮಾಡಿ ಆಸ್ಪತ್ರೆಗೆ ಹೊತ್ತರು. ಆಗಲೂ ಉಸಿರಿತ್ತಂತೆ. ಹಿಂದಿನ ಸಂಜೆಯೇ ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದರು. ಡಾಕ್ಟರುಗಳು ಯಾಕಾದರೂ ಇಂಥದ್ದನ್ನು ಹೇಳುತ್ತಾರೋ.

ಆಸ್ಪತ್ರೆಯ ಅಂಗಳದಲ್ಲಿ ಕಮಾವು ಟೋಪಿ ಹಿಚುಕುತ್ತಾ ನಿಂತಿದ್ದ. ಅವನ ಮನೆಯಲ್ಲಿ ಭೈರೇಶನಿಗಾಗಿ ಕಾದರಂತೆ. ಫೋನು ಮಾಡಿದರೆ ಹತ್ತಲಿಲ್ಲ. ಭೈರೇಶನ ಭಾವನಿಗೆ ಮಾಡೋಣವೇ ಎಂದು ಕಮಾವುವಿನ ಹೆಂಡತಿ ಕೇಳಿದಳಂತೆ.

"ನಾನೇ ಬೇಡ ಅಂದೆ ಸಾರ್" ಎಂದ ಕಮಾವು. "ಹೋದ ಸಲದ ಹಾಗೆ ಈ ಸಲವೂ ನೀವು ಗೇಟಿನಲ್ಲೇ ತಡೆದಿರಿ ಅಂದುಕೊಂಡೆ."

ತಡೆದಿದ್ದರೆ ಎಷ್ಟು ಚೆನ್ನಾಗಿತ್ತು.

ಪೆಟ್ಟಿಗೆ ಬೆಂಗಳೂರಿಗೆ ಬಂತು, ಅಲ್ಲಿಂದ ಅತ್ತಿಬೆಲೆ ದಾಟಿ ಆಲಸನತ್ತಕ್ಕೆ, ಆಮೇಲೆ ಗುಮ್ಮಳಾಪುರಕ್ಕೆ. ನಾವೆಲ್ಲ ಹೋಗಿದ್ದೆವು. ಚೆನ್ನಮ್ಮ ಅಳುತ್ತಾಳೆ, ಗಂಡನ ಕೊರಳಪಟ್ಟಿ ಹಿಡಿಯುತ್ತಾಳೆ ಎಂದು ಹೆಂಗಸರು ಅವಳ ಎರಡೂ ಪಕ್ಕ ಸಿದ್ಧವಾಗಿ ನಿಂತಿದ್ದರು. ಆಕೆ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತು, ತಲೆ ಎತ್ತದೆ ಕೇಳಿದಳು.

"ಎಲ್ಲಿಗೆ ಹೋಗ್ತಿದ್ದ?"

"ಊಟಕ್ಕೆ. ಅವನ ಸ್ನೇಹಿತನ ಮನೆಗೆ."

"ನಿಮಗೆ ಗೊತ್ತಿರ್ಲಿಲ್ವಾ?"

"ಕೇಳ್ಲಿಲ್ಲ ನಾನು. ಕುಂಕುಮ ಇಟ್ಕೊಂಡಿದ್ದ. ಒಳ್ಳೇ ಕೆಲಸಕ್ಕೆ ಹೊರಟವ್ನೆ ಅಂತ..."

ಚೆನ್ನಮ್ಮ ತಲೆಯಾಡಿಸಿದಳು, ಅಷ್ಟೆ. ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು. ಹದಿನೈದು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ, ತನಗೆ ತಾನೇ ಹೇಳಿಕೊಳ್ಳುವಂತೆ, "ನಾನಿದ್ರೂ ಕೇಳ್ತಿರ್ಲಿಲ್ಲ" ಎಂದಳಂತೆ. ಆಮೇಲೆ ಗಂಡನೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಊಟ ಬಡಿಸುತ್ತಿದ್ದಳು. ಜ್ವರ ಬಂದರೆ ಕಷಾಯ ಕೊಡುತ್ತಿದ್ದಳು. ಹೊರಗೆ ಹೋಗುವಾಗ ಮಾತ್ರ ಅವರ ಕಡೆ ತಿರುಗದೆ ಹೋಗುತ್ತಿದ್ದಳು.

ರಾಮಕೃಷ್ಣಪ್ಪನವರು ಕೀನ್ಯಾಗೆ ಮತ್ತೆ ಹೋಗಲಿಲ್ಲ. ಬ್ಯಾಡ್ಜು ಕಾಣಲಿಲ್ಲ, ಉಪದೇಶವೂ ನಿಂತಿತು. ಪಾಸ್‌ಪೋರ್ಟ್ ಬಂದವರು ಈಗ ಗಣಪತಿಯ ಹತ್ತಿರ ಮಾತ್ರ ಹೋಗುತ್ತಾರೆ. ಒಂದು ಅಭ್ಯಾಸ ಉಳಿಯಿತು. ಬೆಳಿಗ್ಗೆ ಎದ್ದು ತಮ್ಮ ಮನೆಯ ಗೇಟಿನ ಬಳಿ ನಿಂತು, ಹೋಗುವವರು ಬರುವವರನ್ನೆಲ್ಲ ಕೇಳತೊಡಗಿದರು. "ಎಲ್ಲಿಗೆ? ಯಾವ ಕಡೆಯಿಂದ ಹೋಗ್ತೀರಾ? ಎಷ್ಟೊತ್ತಿಗೆ ಬತ್ತೀರಾ?" ಫ್ಯಾಕ್ಟರಿ ಬಸ್ಸು ಹಿಡಿಯಲು ಓಡುವವರನ್ನು, ಬ್ಯಾಂಕಿಗೆ ಹೊರಟವರನ್ನು, ಹೆಣ್ಣು ನೋಡಲು ಹೊರಟವರನ್ನು. ದುಬೈನಿಂದ ರಜೆಗೆ ಬಂದ ಸುಷ್ಮಾಳನ್ನು ಗಂಡಿನ ಕಡೆಯವರಿಗೆ ತೋರಿಸಲು ಕರೆದೊಯ್ಯುವಾಗಲೂ ಕೇಳಿದರು. ಲಕ್ಷ್ಮಿದೇವಮ್ಮ ಬೀದಿಯಲ್ಲೇ ತಲೆ ಚಚ್ಚಿಕೊಂಡಳು.

"ಅಯ್ಯೋ ನಿನ್ ಬಾಯಿಗೆ ಮಣ್ಣು ಹಾಕ! ಇವತ್ತೇ ಕೇಳ್ಬೇಕಾ ಅಣ್ಣ ನೀನು?"

"ಹೇಳ್ಬಿಟ್ಟು ಹೋಗಮ್ಮ. ಗೊತ್ತಿದ್ರೆ ಹುಡುಕ್ಕೊಂಡು ಬರ್ಬೋದು."

ಲಕ್ಷ್ಮಿದೇವಮ್ಮನ ಬೈಗುಳ ಅರ್ಧಕ್ಕೇ ನಿಂತಿತು. "ಸೂಳಗಿರಿಗೆ ಕಣಣ್ಣ" ಎಂದು ಮೆಲ್ಲಗೆ ಹೇಳಿ, ಮಗಳ ಕೈ ಹಿಡಿದು ಹೋದಳು. ಆ ಸಂಬಂಧ ಕೂಡಲಿಲ್ಲ. ಬೀದಿಯವರಿಗೆ ಅಷ್ಟು ಸಾಕಾಯಿತು. ಒಂದು ಕಾಲಕ್ಕೆ ಪರದೇಶಕ್ಕೆ ಹೊರಟವರು ಹುಡುಕಿಕೊಂಡು ಬರುತ್ತಿದ್ದ ಮನೆ, ಈಗ ಪಕ್ಕದ ಬೀದಿಗೆ ಹೊರಟವರೂ ಬಳಸಿಕೊಂಡು ಹೋಗುವ ಮನೆಯಾಯಿತು. ನಾವೆಲ್ಲ ಓದಿದವರು, ಇಂಥದ್ದನ್ನು ನಂಬುವುದಿಲ್ಲ. ಆದರೂ ಎಲ್ಲರಿಗೂ ಹಿಂದಿನ ಬೀದಿಯೇ ಹತ್ತಿರವೆಂದು ಇದ್ದಕ್ಕಿದ್ದಂತೆ ತೋರತೊಡಗಿತು.

ಅವರು ದಿನಾ ಕೇಳುತ್ತಿದ್ದದ್ದು ಮಾತ್ರ ನಮ್ಮನ್ನಲ್ಲ ಎಂದು ನನಗೆ ನಿಧಾನವಾಗಿ ಅರ್ಥವಾಯಿತು. ನಾವು ಹೇಳಿದರೂ ಬಿಟ್ಟರೂ ಅವರಿಗೆ ನಡೆಯುತ್ತಿತ್ತು. ಚೆನ್ನಮ್ಮ ಚೀಲ ಹಿಡಿದು ಹೊರಬಂದಾಗ ಅವರ ದನಿಯೇ ಬೇರೆಯಾಗುತ್ತಿತ್ತು. "ಎಲ್ಲಿಗೆ ಚೆನ್ನಿ?" ಎನ್ನುತ್ತಿದ್ದರು. ಆಕೆ ಉತ್ತರ ಕೊಡದೆ, ಒಳಗೆ ಬಂದು ನೀರೂ ಕುಡಿಯದೆ, ನಡೆದುಬಿಡುತ್ತಿದ್ದಳು. ಆಕೆ ತಿರುಗಿ ಬರುವವರೆಗೆ ಅವರು ಗೇಟಿನ ಕಂಬಿ ಬಿಡುತ್ತಿರಲಿಲ್ಲ. ಊಟಕ್ಕೂ ಒಳಗೆ ಹೋಗುತ್ತಿರಲಿಲ್ಲ.

ಭೈರೇಶನ ವರ್ಷದ ತಿಥಿ ಬಂತು. ಅದರ ಹಿಂದಿನ ದಿನ ಕಮಾವು ಫೋನು ಮಾಡಿದ್ದ. ಅವನು ಆಗಾಗ ಮಾಡುತ್ತಿದ್ದ. ಇಬ್ಬರೂ ಮುರುಕು ಇಂಗ್ಲಿಷಿನಲ್ಲಿ ಮಳೆ ಬಂತೇ, ಗುಲಾಬಿಗೆ ರೇಟು ಹೇಗಿದೆ ಎಂದು ಕೇಳಿಕೊಂಡು ಫೋನ್ ಇಡುತ್ತಿದ್ದರು. ಅಂದು ಚೆನ್ನಮ್ಮ ಒಳಗಿನಿಂದ ಬಂದು ಗಂಡನ ಎದುರು ನಿಂತಳು.

"ಅವತ್ತು ಏನು ಅಡುಗೆ ಮಾಡಿದ್ರು ಅಂತ ಕೇಳಿ."

ರಾಮಕೃಷ್ಣಪ್ಪನವರು ಕೇಳಿದರು. ಕಮಾವು ಹೇಳಿದ್ದನ್ನು ಅಲ್ಲೇ ಹೆಂಡತಿಗೆ ಹೇಳಿದರು.

"ಕೋಳಿ ಮಾಡಿದ್ರಂತೆ. ಸೊಪ್ಪು. ಆ ಬಿಳೀ ಮುದ್ದೆ. ಇವನಿಗೆ ಖಾರ ಬೇಕು ಅಂತ ಪೇಟೆಯಿಂದ ಹಸಿಮೆಣಸಿನಕಾಯಿ ತಂದಿದ್ರಂತೆ."

"ಅವರು ಉಂಡ್ರಾ?"

"ಇವನು ಬರ್ಲಿ ಅಂತ ಸಂಜೆ ತನಕ ಬಡಿಸಲೇ ಇಲ್ವಂತೆ."

ಚೆನ್ನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಪೆಟ್ಟಿಗೆ ಬಂದ ದಿನ ಬಾರದ ಅಳು ಆಗ ಬಂತು. ಗಂಡ ಕೈ ಚಾಚಿದರು, ಆಕೆ ಸರಿದು ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಕೋಳಿ ಬೇಯಿಸಿದಳು, ಸೊಪ್ಪು ಮಾಡಿದಳು. ಬಿಳಿ ಮುಸುಕಿನ ಜೋಳದ ಹಿಟ್ಟಿಗೆ ಮೂರು ಅಂಗಡಿ ಸುತ್ತಿದಳು, ಸಿಕ್ಕಲಿಲ್ಲ, ರಾಗಿಯಲ್ಲೇ ಮುದ್ದೆ ಕಟ್ಟಿದಳು. ಡಬ್ಬಿಗೆ ತುಂಬಿಕೊಂಡು ತಮ್ಮನ ಸಮಾಧಿಗೆ ಎಡೆ ಇಡಲು ಒಬ್ಬಳೇ ಹೊರಟಳು. ರಾಮಕೃಷ್ಣಪ್ಪನವರು ಗೇಟಿನಲ್ಲಿದ್ದರು. ಒಗೆದ ಪಂಚೆ ಉಟ್ಟಿದ್ದರು, ಬಾ ಎಂದರೆ ಹೊರಡಲು ಸಿದ್ಧವಾಗಿ. ಎಡೆಗೆ ಹೊರಟವರನ್ನು ಕೇಳಬಾರದು ಎಂದು ಅವರಿಗೂ ಗೊತ್ತು. ನಾವು ನಾಲ್ಕಾರು ಜನ ಬೀದಿಯಲ್ಲಿದ್ದೆವು, ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆವು.

"ಎಲ್ಲಿಗೆ ಚೆನ್ನಿ?"

ಆಕೆ ನಿಂತಳು. ಬಹಳ ದಿನಗಳಾದ ಮೇಲೆ ಗಂಡನ ಮುಖವನ್ನು ನೇರವಾಗಿ ನೋಡಿದಳು.

"ಗುಮ್ಮಳಾಪುರಕ್ಕೆ. ತಳಿ ಬಸ್ಸಲ್ಲಿ ಹೋಗ್ತೀನಿ. ಹೊತ್ತು ಮುಳುಗೋ ಅಷ್ಟರಲ್ಲಿ ಬತ್ತೀನಿ. ಒಳಗೆ ಮುದ್ದೆ ಇಟ್ಟಿದ್ದೀನಿ, ಉಣ್ಣಿ."

ನೀವೂ ಬನ್ನಿ ಎನ್ನಲಿಲ್ಲ. ನಮ್ಮ ಮನೆಯವಳು ಆಮೇಲೆ ಸಮಾಧಾನಕ್ಕೆಂದು, "ಅಂತೂ ಮನಸ್ಸು ತಿಳಿಯಾಯ್ತಲ್ಲಕ್ಕ" ಎಂದಾಗ ಚೆನ್ನಮ್ಮ ಇಲ್ಲವೆಂದು ತಲೆಯಾಡಿಸಿದ್ದಳು. "ಅದಲ್ಲಮ್ಮ. ಹೇಳದೆ ಹೋದ್ರೆ ಆ ಮನುಷ್ಯ ಅನ್ನ ಮುಟ್ಟಲ್ಲ. ಅದನ್ನೂ ನಾನೇ ಹೊತ್ಕೋಬೇಕಾ?"

ಸಂಜೆ ಹಾಲಿಗೆಂದು ಹೋದಾಗ ನೋಡಿದೆ. ರಾಮಕೃಷ್ಣಪ್ಪನವರು ಬೀದಿಯ ತಿರುವಿನವರೆಗೆ ಬಂದು, ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು. ಪಂಚೆ ಧೂಳಾಗಿತ್ತು.

"ಊಟ ಆಯ್ತಾ ಸಾರ್?" ಎಂದೆ.

"ಅವಳು ಬರ್ಲಿ" ಎಂದರು.